ಜ್ವರ ಇಲ್ಲದವರ ಗಂಜಿ

ಗೋವಾಕ್ಕ ಬಂದು ಇಷ್ಟು ವರ್ಷ ಆದ್ರೂ, ಯಾವುದಕ್ಕ ಊಟ ಅನಬೇಕು ಅನ್ನೂದರಾಗ ನಾನು ಗಾಬರಿ ಬೀಳೂದು ತಪ್ಪಿಲ್ಲ. ನಮ್ಮ ವಿಜಾಪುರ ಕಡೆ ಮುಂಜಾನಿ ರೊಟ್ಟಿ ತಿಂದ್ರ ನ್ಯಾರಿ, ಮಧ್ಯಾಹ್ನ ರೊಟ್ಟಿ ತಿಂದ್ರ ಊಟ, ರಾತ್ರಿ ತಿಂದ್ರೂ ಊಟ. ಇಲ್ಲಿ ಹಂಗಲ್ಲ.

೧. ಹನ್ನೊಂದು ಗಂಟೆ

ಎರಡು ಸಾವಿರದ ನಾಲ್ಕರ ಸುಮಾರು, ಪಣಜಿ ಬಾಜೂಕಿನ ಪರ್ವರಿಯೊಳಗ ಒಬ್ರು ಗೋವಾದ ಬಾಯಿಯವ್ರ ಮನ್ಯಾಗ ಕಸಾ-ಮುಸುರಿ ಕೆಲಸಕ್ಕ ಸೇರಿದೆ. ಹಿಂದಿನ ಮನ್ಯಾಗ ಜ್ವರ ಬಂದು ಎರಡ ದಿನ ಮಲಗಿದ್ದಕ್ಕ ಬಿಡಿಸಿದ್ರು. ಈ ಕೆಲಸ ಹೋದ್ರ ನಾವು ಊರಿಗೆ ವಾಪಸ್ ಹೋಗೂದ ಗತಿ.

ಮೊದಲನೇ ದಿನ ಹನ್ನೊಂದಕ್ಕ ಬಾಯಿಯವ್ರು, “ಬಾ, ಪೇಜ್ ಕುಡಿ” ಅಂದ್ರು. ಅವ್ರ ಕೊಂಕಣಿ, ನನ್ನ ಹಿಂದಿ, ಹೆಂಗೋ ನಡೀತಿತ್ತು. ನೋಡಿದ್ರ ಬಟ್ಟಲ ತುಂಬ ಅಕ್ಕಿ ಗಂಜಿ, ಬಾಜೂಕ ಉಪ್ಪಿನಕಾಯಿ. ನಮ್ಮ ಕಡೆ ಗಂಜಿ ಕೊಡೂದು ಜ್ವರ ಬಂದವ್ರಿಗೆ; ಇಲ್ಲಿ ದಿನಾ ಹನ್ನೊಂದಕ್ಕ ಎಲ್ಲಾರೂ ಕುಡೀತಾರ ಅಂತ ನನಗ ಆಗ ಗೊತ್ತಿರಲಿಲ್ಲ. ಹಳೇ ಮನಿ ಸುದ್ದಿ ಇವ್ರಿಗೂ ಮುಟ್ಟೇತಿ ಅಂದ್ಕೊಂಡೆ.

“ನನಗ ಜ್ವರ ಇಲ್ರಿ ಬಾಯಿ. ಬೇಕಾದ್ರ ಮೈ ಮುಟ್ಟಿ ನೋಡ್ರಿ.”

ಅವ್ರು ಏನೂ ತಿಳೀದ, ತಮಗೂ ಒಂದು ಬಟ್ಟಲ ಹಾಕ್ಕೊಂಡು ಕುಂತ್ರು. ಅಯ್ಯ ಶಿವನೇ, ಇವ್ರಿಗೂ ಬಂದೈತಿ ಅಂತ ನಾನು ಅವ್ರ ಹಣಿ ಮುಟ್ಟಿ ನೋಡಿದೆ.

೨. ಖಾಲಿ ಪಾತೇಲಿ

ನಮ್ಮ ಮನ್ಯಾವ್ರು ಗೌಂಡಿ, ಗೋಡಿ ಕಟ್ಟೂ ಕೆಲಸ. ಬಾಯಿಯವ್ರ ಕಂಪೌಂಡ್ ಗೋಡಿ ಬಿದ್ದಾಗ ಕಟ್ಟಾಕ ಇವ್ರನ್ನ ಕರಕೊಂಡು ಹೋದೆ. ಮಧ್ಯಾಹ್ನ ಬಾಯಿಯವ್ರು ಅನ್ನ, ಮೀನಿನ ಸಾರು ಬಡಿಸಿದ್ರು. ಇವ್ರು ಮೂರ ಸಲ ಹಾಕಿಸ್ಕೊಂಡು ಉಂಡ್ರು.

ಸಂಜಿಗೆ ಬಾಯಿಯವ್ರ ಗಂಡ, ಸಾಹೇಬ್ರು, ಪಣಜಿಯ ಆಫೀಸಿನಿಂದ ಬಂದು ಇವ್ರನ್ನ ಪ್ರೀತಿಲೇ ಕೇಳಿದ್ರು: “ಊಟ ಆತೇನಪ್ಪಾ?”

“ಎಲ್ಲಿ ಊಟರೀ ಸಾಹೇಬ್ರ. ಅನ್ನ ಅಷ್ಟ ತಿಂದೇನಿ.”

ರೊಟ್ಟಿ ಇಲ್ಲದ್ದು ನಮ್ಮ ಮನ್ಯಾವ್ರ ಲೆಕ್ಕಕ್ಕ ಊಟಾನ ಅಲ್ಲ. ನಾನು ಸೆರಗು ಬಾಯಾಗಿಟ್ಕೊಂಡು ನಿಂತೆ. ಬಾಯಿಯವ್ರು ಒಳಗ ಹೋಗಿ, ಖಾಲಿ ಪಾತೇಲಿ ತಂದು ಗಂಡನ ಮುಂದ ಬೋರಲ ಹಾಕಿ ತೋರಿಸಿದ್ರು.

೩. ಐತವಾರದ ಊಟ

ಅವತ್ತು ಹೋದ ಮರ್ಯಾದಿ ಉಳಿಸಾಕ, ಐತವಾರ ಬಾಯಿಯವ್ರನ್ನ ನಮ್ಮ ಖೋಲಿಗೆ ಊಟಕ್ಕ ಕರದೆ. ಬಿಸಿ ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರು. ಒಂದು ರೊಟ್ಟಿಗೆ ಸಾಕಂದ್ರು. ನಮ್ಮ ಕಡೆ ಹಂಗ ಬಿಡ್ತಾರೇನು? ಒತ್ತಾಯ ಮಾಡಿ ನಾಲ್ಕು ತಿನಿಸಿದೆ.

ಅವ್ರು ಎದ್ದು ನಿಂತು, “ನಾಷ್ಟಾ ಭಾಳ ಚಲೋ ಇತ್ತು. ಊಟ ಯಾವಾಗ?” ಅಂದ್ರು.

ಅವ್ರಿಗೆ ಅನ್ನ ಬಂದ್ರನ ಊಟ. ಮತ್ತ ಕುಂದ್ರಿಸಿ, ಅನ್ನ ಮಾಡಿ, ನಮ್ಮ ಮನ್ಯಾವ್ರು ಅವತ್ತು ತಿಂದಷ್ಟ ಬಡಿಸಿಬಿಟ್ಟೆ. ತಾಟಿನ್ಯಾಗ ಬಿಟ್ರ ನನಗ ಬ್ಯಾಸರ ಆಗ್ತೈತಿ ಅಂತ ಪಾಪ, ಒಂದ ಅಗಳೂ ಬಿಡ್ಲಿಲ್ಲ.

ಸೋಮವಾರ ಹೋದ್ರ ಬಾಗಿಲ ತೆಗೀವಲ್ರು. ಹೋತು ಕೆಲಸ ಅಂತ ಮೆಟ್ಟಿಲ ಮ್ಯಾಲ ಅಳಕೋತ ಕುಂತೆ. ಹನ್ನೊಂದಕ್ಕ ಬಾಗಿಲ ತೆರೀತು. ಬಾಯಿಯವ್ರು ಹೊಟ್ಟಿ ಹಿಡ್ಕೊಂಡು ಹೋಗಿ ಕುರ್ಚ್ಯಾಗ ಕುಂತ್ರು. ನಾನು ಸೀದಾ ಒಳಗ ಹೋಗಿ ಗಂಜಿ ಕಾಸಿ ಮುಂದಿಟ್ಟೆ. ಅಂಜಿಕೋತ ಕೇಳಿದೆ: “ನನ್ನ ಕೆಲಸ ಐತೇನ್ರಿ ಬಾಯಿ?”

ಒಂದು ಗುಟುಕು ಕುಡದು ಅಂದ್ರು: “ಐತಿ. ಆದ್ರ ಇನ್ನೊಮ್ಮೆ ಊಟಕ್ಕ ಕರದ್ರ ಹೋತು.”