ನಾನು ಅಳಿಸಿಹಾಕಿದ ಬನ್ನುಗಳು

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು: ಅವರ ಮಾತನ್ನು ನಂಬಬಾರದು. ಸುಳ್ಳು ಹೇಳುತ್ತಾರೆಂದಲ್ಲ. ಚೀಟಿಯಲ್ಲಿ ‘ಪರ’ ಎಂದು ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ. ಎರಡಕ್ಕೂ ಅಷ್ಟೇ ನಿಷ್ಠೆಯಿಂದ ಮೇಜು ಗುದ್ದಬಲ್ಲರು. ನಾನು ಕಾಲೇಜಿನಲ್ಲಿದ್ದಾಗ ಯಂತ್ರಗಳ ಪರ ಮಾತಾಡಿ ಒಂದು ಸ್ಟೀಲ್ ತಟ್ಟೆಯನ್ನೂ, ಮರುವಾರ ಯಂತ್ರಗಳ ವಿರುದ್ಧ ಮಾತಾಡಿ ಅದಕ್ಕೆ ಹೊಂದುವ ಲೋಟವನ್ನೂ ಗೆದ್ದವಳು. ಇದೊಂದು ವಿದ್ಯೆ ಎಂದು ಅಮ್ಮ ಮಾತ್ರ ಇವತ್ತಿಗೂ ಒಪ್ಪಿಲ್ಲ. “ಎದುರಾಡೋಕೆ ಜನ ಸಿಗ್ದಿದ್ರೆ ಇವ್ಳು ಗೋಡೆ ಮೇಲೂ ಜಗಳಕ್ ಓಗ್ತಾಳೆ” ಎಂದು ನೆಂಟರ ಮುಂದೆಯೇ ಹೇಳುತ್ತಾಳೆ. ಗೋಡೆಯೊಂದಿಗೆ ಜಗಳವಾಡಿದರೆ ತೀರ್ಪುಗಾರರು ಯಾರು ಎಂದು ನಾನು ಕೇಳುತ್ತೇನೆ. ಅಲ್ಲಿಂದ ಶುರುವಾಗುತ್ತದೆ.

ಈಗ ನನ್ನ ಉದ್ಯೋಗ ಬಂಗಾರಪೇಟೆಯ ಯಶೋದಮ್ಮನವರ ಬಳಿ. ಅವರಿಗೆ ಹಿಟ್ಟಿನ ಗಿರಣಿ, ಲಾರಿ ಶೆಡ್ಡು, ಸಿದ್ಧ ಉಡುಪಿನ ಕಾರ್ಖಾನೆ, ಉರಿಗಾಂನಲ್ಲಿ ಒಂದು ಹಳೇ ಬೇಕರಿ, ಹೀಗೆ ಹತ್ತಾರು ವ್ಯಾಪಾರ. ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಎಲ್ಲವನ್ನೂ ಒಟ್ಟುಗೂಡಿಸಿ, ಮುಂದಿನ ವರ್ಷದ ಅಂದಾಜನ್ನೂ ಒಂದೇ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಕೂರಿಸುವುದು ನನ್ನ ಕೆಲಸ. ಇದೆಲ್ಲಾ ಯಾಕೆ ಬೇಕು ಎಂದು ಯಶೋದಮ್ಮ ಕೇಳಿದಾಗ ನಾನು ನಿಂತೇ ಉತ್ತರಿಸಿದ್ದೆ. “ಅಂಕಿಗೆ ತವರುಮನೆ ಇಲ್ಲ ಮೇಡಂ. ಅದು ಯಾರ ಮುಖವನ್ನೂ ನೋಡಲ್ಲ.” ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿ, “ಚೆಂದಾಗ್ ಮಾತಾಡ್ತೀಯ ಕಣಮ್ಮ. ಆಗ್ಲಿ, ಕೂರ್ಸು” ಎಂದಿದ್ದರು. ಆ ಸಾಲನ್ನು ಅವರು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಾರೆಂದು ಆಗ ಹೊಳೆಯಲಿಲ್ಲ.

ಈ ಸಾಫ್ಟ್‌ವೇರ್‌ಗೆ ಒಂದು ಧರ್ಮವಿದೆ. ಮನೆಯೊಳಗೆ ಒಬ್ಬರಿಗೊಬ್ಬರು ಮಾರಿಕೊಂಡದ್ದನ್ನು ಅದು ವ್ಯಾಪಾರವೆಂದು ಒಪ್ಪುವುದಿಲ್ಲ. ಗಿರಣಿ ಬೇಕರಿಗೆ ಮೈದಾ ಕೊಟ್ಟಿತೇ? ಒಟ್ಟು ಲೆಕ್ಕದಲ್ಲಿ ಅಳಿಸು. ಬೇಕರಿ ಲಾರಿ ಶೆಡ್ಡಿಗೆ ಬನ್ನು ಕಳಿಸಿತೇ? ಅದನ್ನೂ ಅಳಿಸು. ತಾಯಿ ಮಗನಿಗೆ ದೋಸೆ ಹಾಕಿ ಹೋಟೆಲ್ ಇಟ್ಟಿದ್ದೇನೆ ಎಂದರೆ ಹೇಗೆ? ತರ್ಕ ಸರಿಯಾಗಿಯೇ ಇದೆ. ಆದರೆ ಅದನ್ನು ಬೇಕರಿಯ ಸೆಲ್ವರಾಜಣ್ಣನಿಗೆ ವಿವರಿಸಬೇಕಲ್ಲ! ಆತ ಹುಟ್ಟಿದ್ದೇ ಒಲೆ ಮುಂದೆ ಎನ್ನುವಂಥ ಮನುಷ್ಯ. ಬಾಯಿ ತೆರೆದರೆ ಮೂರು ಭಾಷೆ, ಮೂರರಲ್ಲೂ ಬಡಾಯಿ.

“ಏನ್ ತಂಗಚ್ಚಿ, ಡ್ರೈವರ್‌ಗಳು ಬನ್ನು ತಿಂದವ್ರೆ, ಏಪ್ಪಾ ಅಂತ ತೇಗವ್ರೆ. ನಿನ್ ಮಿಷಿನ್ನು ಇಲ್ಲ ಅಂತದಾ?”

“ತಿಂದಿದ್ದು ನಿಜ ಅಣ್ಣಾ. ಒಟ್ಟು ಲೆಕ್ಕದಲ್ಲಿ ಮಾತ್ರ ಇಲ್ಲ.”

“ಅಂಗಾದ್ರೆ ಅವ್ರ ಒಟ್ಟೇಲಿರೋದೇನು? ಗಾಳಿಯಾ?”

ಮುಂದಿನ ವರ್ಷದ ಅಂದಾಜು ತುಂಬಿಸು ಎಂದರೆ, ಅಂಕಿ ಹಾಕಬೇಕಾದ ಕಡೆ ‘ಜನ ಬರ್ತಾರೆ’ ಎಂದು ಬರೆದಿದ್ದ. ಪರದೆ ಕೆಂಪಾಯಿತು. ಆತನೂ ಕೆಂಪಾದ.

ಆತ ಹೇಳಿದ ‘ಜನ’ ಯಾರೆಂದು ನನಗೆ ಗೊತ್ತಿತ್ತು, ಕಷ್ಟವಾದದ್ದೇ ಅದರಿಂದ. ನಾನು ಉರಿಗಾಂನಲ್ಲಿ ಚಿನ್ನದ ಗಣಿಯ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಬೆಳೆದವಳು. ದೀಪಾವಳಿ ಹತ್ತಿರವಾದರೆ ನಮ್ಮ ಸಾಲಿನ ಹೆಂಗಸರು ಬಿಸ್ಕತ್ತಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ತಟ್ಟೆಗೆ ಜೋಡಿಸಿ, ಸುಡಿಸಲು ಆ ಬೇಕರಿಗೆ ಹೊತ್ತೊಯ್ಯುತ್ತಿದ್ದರು. ಕ್ರಿಸ್‌ಮಸ್ ಬಂದರೆ ಮೇರಿ ಆಂಟಿಯವರ ಸಾಲಿನಿಂದ ಕೇಕಿನ ಡಬ್ಬಗಳು. ಹಿಟ್ಟು ಬೇಕರಿಯದಲ್ಲ, ತಿಂಡಿ ಬೇಕರಿಯದಲ್ಲ, ಬೆಂಕಿ ಮಾತ್ರ ಬೇಕರಿಯದು, ಅದಕ್ಕೆ ತಟ್ಟೆಗಿಷ್ಟು ಎಂದು ಕೂಲಿ. ತಟ್ಟೆ ಅದಲುಬದಲಾಗದಂತೆ ಅಮ್ಮ ನಮ್ಮದರ ಅಂಚಿಗೆ ಕೆಂಪು ನೂಲು ಕಟ್ಟುತ್ತಿದ್ದಳು. ಆದರೂ ನಂಬಿಕೆ ಇಲ್ಲ. ಮೈದಾ ಮೂಟೆಗಳ ಮೇಲೆ ಕೂತು ಕಾಯುವುದೇ. ಕನ್ನಡದಲ್ಲಿ ಶುರುವಾದ ಸೊಸೆಯ ದೂರು ತೆಲುಗಿನಲ್ಲಿ ಬಿಸಿಯೇರಿ ತಮಿಳಿನಲ್ಲಿ ಮುಗಿಯುತ್ತಿತ್ತು. ಯಾರ ತುಪ್ಪ ಅಸಲಿ, ಯಾರದು ಡಾಲ್ಡಾ ಎಂಬ ವಾದ ಒಲೆಯ ಬಾಗಿಲು ತೆರೆದಾಗ ಬರುವ ಪರಿಮಳದಿಂದಲೇ ಇತ್ಯರ್ಥ. ಸೋತವರು “ಏಲಕ್ಕಿ ಜಾಸ್ತಿ ಆಯ್ತು ಅಷ್ಟೆ” ಎಂದು ತಟ್ಟೆ ಮುಚ್ಚಿಕೊಂಡು ಹೊರಡುತ್ತಿದ್ದರು. ನಾನು ವಾದ ಕಲಿತದ್ದು ಕಾಲೇಜಿನಲ್ಲಿ ಎಂದುಕೊಂಡಿದ್ದೆ. ಆ ಮೂಟೆಗಳ ಮೇಲೆ ಕೂತಿದ್ದವರ ಮುಂದೆ ನಮ್ಮ ಕಾಲೇಜಿನ ತಂಡ ಮೊದಲ ಸುತ್ತೂ ದಾಟುತ್ತಿರಲಿಲ್ಲ.

ಮೊದಲ ಒಟ್ಟು ಲೆಕ್ಕ ಪರದೆಗೆ ಬಂದ ದಿನ ಯಶೋದಮ್ಮ ಕನ್ನಡಕ ಏರಿಸಿ ನೋಡಿದರು. ಒಳಗಿನ ಬನ್ನುಗಳನ್ನೆಲ್ಲ ಅಳಿಸಿದ ಮೇಲೆ ಬೇಕರಿಯ ಸಾಲಿನಲ್ಲಿ ಉಳಿದದ್ದು ನೋಡಿದರೆ ಅಯ್ಯೋ ಅನಿಸುವಷ್ಟು. “ಹೊರ್ಗಿನ್ ಯಾಪಾರ ಇಷ್ಟೇನಾ? ಅಂಗಾರೆ ಮುಚ್ಬುಡಾನ.”

ಮುಚ್ಚುವುದು ಎಂಬ ಮಾತು ನಮ್ಮೂರಿನವರ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. ಗಣಿ ಮುಚ್ಚಿದ ಮೇಲೆ ಕಣ್ಣುಬಿಟ್ಟವರು ನಾವು. ಬೀಗ ಹಾಕಿದ ಗೇಟುಗಳ ಮುಂದೆಯೇ ಕುಂಟಾಬಿಲ್ಲೆ ಆಡಿದವರು. ಒಲೆಯೂ ಆರಿದರೆ ಉರಿಗಾಂನ ಹೆಂಗಸರು ತಟ್ಟೆ ಹೊತ್ತು ಹೋಗುವುದೆಲ್ಲಿಗೆ? ನಾನು ಚೀಟಿ ಎತ್ತದೆಯೇ ಪಕ್ಷ ಬದಲಿಸಿದೆ. ಎಲ್ಲವನ್ನೂ ಅಂಕಿಯಲ್ಲಿ ಅಳೆಯಲಾಗದು ಎಂದೆ. ಅಭ್ಯಾಸಬಲದಿಂದ ಮೇಜನ್ನೂ ಗುದ್ದಿದೆ.

“ಅಂಕಿಗೆ ತವರ್ಮನೆ ಇಲ್ಲ ಅಂದೋಳು ನೀನೇ ಅಲ್ವೇನೇ?” ಎಂದರು ಯಶೋದಮ್ಮ. ನನ್ನ ವಿರುದ್ಧ ನನ್ನಷ್ಟು ಚೆನ್ನಾಗಿ ಮಾತಾಡಿದವರು ಇನ್ನೊಬ್ಬರಿಲ್ಲ. ಕೊನೆಗೆ ಅವರೇ ಒಂದು ದಾರಿ ಬಿಟ್ಟರು. “ಈ ದೀಪಾವಳಿಗೆ ಸುಡ್ಸೋಕೆ ಎಷ್ಟು ತಟ್ಟೆ ಬತ್ತವೆ? ಅಂದಾಜು ನೀನೇ ಆಕು. ಅದು ಮುಟ್ಟುದ್ರೆ ಒಲೆ ಉರೀತದೆ. ಇಲ್ಲಾಂದ್ರೆ ನೀನೇ ಬೀಗ ಆಕ್ಕೊಂಡ್ ಬಾ.”

ಅಂದಾಜು ಹಾಕುವವರನ್ನು ಕಂಡು ನಗುವುದು ಸುಲಭ, ಹಾಕುವುದು ಕಷ್ಟ. ಸ್ವಲ್ಪ ಜಾಸ್ತಿಯೇ ಹಾಕಿಬಿಟ್ಟೆ. ಆಮೇಲೆ ಸಾಲು ಸಾಲು ಮನೆಗಳಿಗೆ ಹೋಗಿ ಬಿಸ್ಕತ್ತು ಮಾಡಿ ಎಂದು ಪ್ರಚಾರ ನಡೆಸಿದೆ. “ನಿಂಗ್ಯಾಕ್ಲೇ ನಮ್ ಬಿಸ್ಕತ್ತಿನ ಚಿಂತೆ? ಓಟಿಗ್ ನಿಂತಿದೀಯಾ?” ಎಂದರು. ಆದರೂ ಬಂದರು, ಹಬ್ಬದ ವಾರ ಮೂಟೆಗಳ ಮೇಲೆ ಜಾಗವಿರಲಿಲ್ಲ. ಅಷ್ಟಾದರೂ ನನ್ನ ಅಂದಾಜಿಗೆ ನಾಲ್ಕಾರು ತಟ್ಟೆ ಕಡಿಮೆ. ಜೀವಮಾನದಲ್ಲಿ ಹಿಟ್ಟು ಮುಟ್ಟದ ನಾನು ಅಮ್ಮನ ಬೈಗುಳದ ನಡುವೆ ಕಲಸಿದೆ, ಸೆಲ್ವರಾಜಣ್ಣನ ಒಲೆಯಲ್ಲಿ ಸುಡಿಸಿದೆ, ಅಂಕಿ ಮುಟ್ಟಿಸಿದೆ. ಸಾಕ್ಷಿಗೆಂದು ಒಂದು ಡಬ್ಬ ಆಫೀಸಿಗೂ ಒಯ್ದೆ.

ಯಶೋದಮ್ಮ ಒಂದನ್ನು ಕಚ್ಚಲು ನೋಡಿ, ತಮ್ಮ ಹಲ್ಲುಗಳ ನೆನಪಾಗಿ, ಕೆಳಗಿಟ್ಟರು. “ಇವು ನೀನ್ ಮಾಡಿದ್ದಾ? ಮನೆಯೋಳ ತಟ್ಟೆ ಯಾಪಾರ ಅಲ್ಲ. ಅಳ್ಸು.”

ಅಳಿಸಿದೆ. ಅಂಕಿ ಕೆಳಗಿಳಿಯಿತು. ಬೀಗಕ್ಕಾಗಿ ಕೈ ಚಾಚಿದೆ.

“ಓಗೇ. ಒಲೆ ಉರೀಲಿ. ಅಷ್ಟು ಮಾತಾಡೋಳು ಬಾಯ್ ಮುಚ್ಕೊಂಡು ಇಟ್ಟು ಕಲಸೌಳೆ ಅಂದ್ಮೇಲೆ ಅದ್ರಾಗೇನೋ ಐತೆ.”

ನೌಕರಿಯಲ್ಲಿರುವವಳು ಅಂಗಸಂಸ್ಥೆಯಲ್ಲ, ಆದ್ದರಿಂದ ನನ್ನ ತಟ್ಟೆಗಳನ್ನು ಅಳಿಸಿದ್ದು ನಿಯಮಕ್ಕೇ ವಿರುದ್ಧ ಎಂದು ಐದು ಅಂಶಗಳ ಉತ್ತರ ಸಿದ್ಧವಿತ್ತು. ಆದರೆ ಸಂತೋಷಕ್ಕೆ ನನ್ನದೇ ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡುಬಿಟ್ಟಿದ್ದೆ. ಅದು ಕರಗುವ ಹೊತ್ತಿಗೆ ಯಶೋದಮ್ಮ ಮನೆಗೆ ಹೋಗಿ ಊಟಕ್ಕೆ ಕೂತಿದ್ದರು.