ಕ್ಷೌರದ ಕುರ್ಚಿಯಲ್ಲಿ ಗೆದ್ದ ವಾದ

ನನ್ನ ಕುರ್ಚಿಯಲ್ಲಿ ಕೂತವರಲ್ಲಿ ನನ್ನ ಮಾತನ್ನು ಖಂಡಿಸಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಅದಕ್ಕೆ ನನ್ನ ತರ್ಕದ ಬಲವೇ ಕಾರಣವೆಂಬುದು ನನ್ನ ಸಿದ್ಧಾಂತ. ಹೆಂಡತಿಯದು ಬೇರೆ ಸಿದ್ಧಾಂತ. “ಕತ್ತಿನ ಮೇಲೆ ಕತ್ತಿ ಇಟ್ಕೊಂಡು ಕೇಳಿದ್ರೆ ಯಾರು ಇಲ್ಲ ಅಂತಾರೆ?” ಎನ್ನುತ್ತಾಳೆ. (ನಾನು ಕ್ಷೌರಿಕನೆಂದು ಹೇಳುವುದನ್ನೇ ಮರೆತೆ.)

ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. ಆದರೆ ಸೋಪು ಒರೆಸಲು ತಂದ ರದ್ದಿ ಕಾಗದವನ್ನು ಓದದೆ ಹರಿದವನಲ್ಲ. ಹಾಗೆ ಬಂದ ತತ್ತ್ವಶಾಸ್ತ್ರದ ಒಂದು ದಪ್ಪ ಪುಸ್ತಕವಂತೂ ನನಗೆ ಬಾಯಿಪಾಠ. ಅದರ ಕೊನೆಯ ಹಾಳೆಗಳು ಹರಿದುಹೋಗಿದ್ದವು. (ಹೀಗಾಗಿ ಯಾವ ಪ್ರಶ್ನೆ ಕಡೆಗೆ ಹೇಗೆ ಬಗೆಹರಿಯಿತೆಂಬುದು ನನಗೆ ತಿಳಿಯದು. ವಾದಕ್ಕೆ ಅದರಿಂದೇನೂ ತೊಂದರೆಯಾಗಿಲ್ಲ.) ಅದನ್ನು ಓದಿದ ಮೇಲೆ ಸಾಕ್ಷಿಯಿಲ್ಲದ ಯಾವುದನ್ನೂ ಒಪ್ಪುವುದಿಲ್ಲವೆಂದು ಪಣ ತೊಟ್ಟೆ. ಭಾನುವಾರ ಹೆಂಡತಿಯನ್ನು ಚರ್ಚಿನ ಗೇಟಿನ ತನಕ ಬಿಟ್ಟು, ನಾನು ಎದುರಿನ ಕಟ್ಟೆಯ ಮೇಲೆ ಪೇಪರು ಓದುತ್ತಾ ಕೂರುತ್ತೇನೆ. ಒಳಗೆ ಅವಳು ನನ್ನ ಪಾಲಿನದನ್ನೂ ಸೇರಿಸಿ ಮೊಣಕಾಲೂರುತ್ತಾಳೆ.

ಸಂಸಾರ ಹೀಗೆ ಒಂದು ಹದಕ್ಕೆ ಬಂದಿದ್ದಾಗ ಮಗಳಿಗೆ ಹೆಣ್ಣು ಮಗುವಾಯಿತು. ತಲೆ ತುಂಬ ಕೂದಲು. ಹುಟ್ಟುತ್ತಲೇ ತಾತನ ಕಸುಬಿಗೆ ಗೌರವ ಕೊಟ್ಟ ಕೂಸು. ಚರ್ಚಿನಲ್ಲಿ ಅದರ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸುವ ಮಾತು ಬಂತು. ಮಗುವನ್ನು ಎತ್ತಿಕೊಂಡು ನಿಂತು, ಅದರ ಪರವಾಗಿ ಪಾದ್ರಿಗಳಿಗೆ ಉತ್ತರ ಹೇಳಲು ಒಬ್ಬ ಹಿರಿಯ ಬೇಕು. ಆ ಸ್ನಾನದ ಹೆಸರಿನಲ್ಲೇ ಜ್ಞಾನವಿದ್ದ ಮೇಲೆ ಆ ಹಿರಿಯ ನಾನಲ್ಲದೆ ಇನ್ನಾರು?

ಇನ್ನೊಬ್ಬರಿದ್ದರು. ನಮ್ಮ ಬೀಗರು, ಅಳಿಯನ ತಂದೆ. ಅವರದು ಬೇಕರಿ. ಹಿಟ್ಟು ನಾದಿ ನಾದಿ ಅವರ ಅಂಗೈ ಮೊರದಷ್ಟು ಅಗಲವಾಗಿದೆ. ಆ ಕೈ ತೊಟ್ಟಿಲ ಕಡೆ ಚಾಚಿದಾಗಲೆಲ್ಲ ಎಲ್ಲಿ ಕೂಸನ್ನು ಉಂಡೆ ಕಟ್ಟಿಬಿಡುತ್ತಾರೋ ಎಂದು ನನಗೆ ದಿಗಿಲು. ಮಗು ಅವರ ಕೈಯಲ್ಲಿ ನಗುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಅದು ನಗುವಲ್ಲ, ಹೊಟ್ಟೆಯ ವಾಯು.

“ನೀವು ನಿಂತ್ಕೊಳ್ಳೋದೇನೋ ಸರಿ. ಅಲ್ಲಿ ‘ನಂಬುತ್ತೇನೆ’ ಅಂತ ಹೇಳ್ಬೇಕು. ನಿಮ್ಮ ಬಾಯಲ್ಲಿ ಬರುತ್ತಾ?” ಎಂದಳು ಹೆಂಡತಿ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಪಾದ್ರಿಗಳನ್ನೇ ವಾದದಲ್ಲಿ ಸೋಲಿಸುವುದು. ಸೋತವರು ಇನ್ನು ಯಾವ ಬಾಯಲ್ಲಿ ನನ್ನಿಂದ ಆ ಮಾತು ಹೇಳಿಸಿಯಾರು?

ಪಾದ್ರಿಗಳು ಗಡ್ಡಕ್ಕೆ ನನ್ನಲ್ಲಿಗೇ ಬರುತ್ತಾರೆ. ತಲೆಯಲ್ಲಿ ನನಗೆ ಕೆಲಸವಿಲ್ಲ, ಅದನ್ನು ದೇವರೇ ಮುಗಿಸಿದ್ದಾನೆ. ಆ ವಾರ ಅವರು ಬಂದು ಕೂತ ಕೂಡಲೇ ಮೂಗಿನ ತನಕ ಸೋಪು ಮೆತ್ತಿ, ಕತ್ತಿ ಮಸೆಯುತ್ತಾ ವಾದ ಎತ್ತಿದೆ. ಕತ್ತರಿಸಿದ ಕೂದಲು ಕಂಡರೆ ಕ್ಷೌರಿಕನಿದ್ದಾನೆ ಎನ್ನುತ್ತೀರಿ, ಜಗತ್ತು ಕಂಡರೆ ದೇವರಿದ್ದಾನೆ ಎನ್ನುತ್ತೀರಿ. ಹಾಗಾದರೆ ಕ್ಷೌರಿಕನ ಕೂದಲು ಕತ್ತರಿಸಿದವನು ಯಾರು? ಅವನಿಗೊಬ್ಬ, ಆ ಅವನಿಗೊಬ್ಬ, ಹೀಗೆ ಹೋದರೆ ಕೊನೆ ಎಲ್ಲಿ? ಅವರು ಹೂಂಗುಟ್ಟಿದರು. ಇಷ್ಟು ಕಾಲ ಸೇವೆ ಮಾಡಿದ ನಿಮ್ಮ ತಲೆಯನ್ನೇ ಬೋಳು ಮಾಡಿದವನು ಕರುಣಾಮಯಿ ಎಂಬುದಕ್ಕೆ ಏನು ಆಧಾರ? ಅದಕ್ಕೂ ಹೂಂಗುಟ್ಟಿದರು. ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ದರ್ಜಿ ಪೇಪರು ಮಡಿಚಿಟ್ಟು ನಮ್ಮನ್ನೇ ನೋಡತೊಡಗಿದ. ಸಭೆ ಸೇರಿದ ಹಾಗಾಯಿತು.

ಮುಖ ಒರೆಸಿಕೊಂಡ ಮೇಲೆ ಪಾದ್ರಿಗಳು ಒಂದೇ ಮಾತು ಕೇಳಿದರು. “ಗಂಟಲ ಮೇಲೆ ನಿಮ್ಮ ಕತ್ತಿ ಆಡ್ತಾ ಇದ್ದಾಗ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅದಕ್ಕೆ ಏನಂತೀರಿ ಯಜಮಾನ್ರೇ?”

“ಅದು ಅನುಭವ, ಫಾದರ್. ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಕುಯ್ದಿದ್ದೀನಾ?”

“ನನ್ನನ್ನ ದೇವರೂ ಕುಯ್ದಿಲ್ಲ” ಎಂದು ನಕ್ಕರು.

ಅದು ಅನುಭವ, ಸಾಕ್ಷಿಯಲ್ಲ, ನಿಮ್ಮ ಅನುಭವ ನನಗೆ ಹೇಗೆ ಸಾಕ್ಷಿಯಾದೀತು ಎಂದು ನಾನು ಪಟ್ಟು ಹಾಕಿದೆ. ಅವರು, ನಿಮ್ಮ ಮಾತು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಎಂದು ಒಪ್ಪಿಕೊಂಡರು. ದರ್ಜಿಯ ಎದುರಿಗೇ ಒಪ್ಪಿಕೊಂಡರು. ಮೀಸೆ ತಿರುವಬೇಕೆನ್ನಿಸಿತು. ಕೈಯಲ್ಲಿ ಸೋಪಿತ್ತು.

“ನಿಮ್ಮಂಥ ಪ್ರಾಮಾಣಿಕರ ಬಾಯಲ್ಲಿ ನಂಬದ ಮಾತು ಹೇಳಿಸಿದ್ರೆ ನನಗೇ ಪಾಪ” ಎನ್ನುತ್ತಾ ಅವರು ಎದ್ದರು. “ಮಗೂನ ಬೀಗರೇ ಎತ್ಕೊಳ್ಳಲಿ ಬಿಡಿ.”

ಗೆದ್ದ ಜಟ್ಟಿಯ ಮೀಸೆ ಮಣ್ಣಾದದ್ದನ್ನು ನೀವು ಕೇಳಿರಲಾರಿರಿ. ನನ್ನದು ಆಯಿತು. ಮನೆಗೆ ಬಂದು ಗೆದ್ದ ಸುದ್ದಿ ಹೇಳಿದರೆ ಹೆಂಡತಿ ತಟ್ಟೆಗೆ ಬಡಿಸುತ್ತಾ, ಗೆದ್ದೋರು ತೊಟ್ಟಿಲು ತೂಗೋ ಹಾಗಿಲ್ವಂತಾ ಎಂದು ಕೇಳಿದಳು. ಬೀಗರು ಆಗಲೇ ಹೊಸ ಕೋಟು ಹೊಲಿಸಲು ಕೊಟ್ಟಿದ್ದಾರೆಂದು ದರ್ಜಿಯೇ ಬಂದು ಹೇಳಿ ಹೋದ.

ಎರಡು ದಿನ ತಡೆದೆ. ಮೂರನೆಯ ದಿನ ಪಾದ್ರಿಗಳ ಮನೆ ಬಾಗಿಲು ತಟ್ಟಿ, ವಾದದ ಸಲುವಾಗಿ, ತಾತ್ಕಾಲಿಕವಾಗಿ, ಒಂದು ಪೂರ್ವಪಕ್ಷವೆಂಬಂತೆ ನಂಬಲು ಸಿದ್ಧನಿದ್ದೇನೆ ಎಂದೆ. ಆ ಪುಣ್ಯಾತ್ಮರು ನಗಲಿಲ್ಲ. ನೀವೇ ಮಗುವನ್ನು ಎತ್ತಿಕೊಳ್ಳಿ, ಮಾತು ಮನಸ್ಸಿನಿಂದ ಬಂದರೆ ಹೇಳಿ, ಬಾರದಿದ್ದರೆ ಸುಮ್ಮನೆ ಮಗುವನ್ನು ಬೀಗರ ಕೈಗೆ ದಾಟಿಸಿ, ಅವರು ಪಕ್ಕದಲ್ಲೇ ನಿಂತು ಉತ್ತರ ಹೇಳುತ್ತಾರೆ ಎಂದರು. ಜ್ಞಾನಸ್ನಾನದ ಹಿಂದಿನ ಸಂಜೆ ಎಲ್ಲರೂ ಬಂದು ಪ್ರಶ್ನೋತ್ತರ ಅಭ್ಯಾಸ ಮಾಡಬೇಕೆಂದೂ ಹೇಳಿದರು. ಹೆಂಡತಿ ಹೊರಟಳು, ಬೀಗರು ಹೊರಟರು. ನಾನು ಹೋಗಲಿಲ್ಲ. ಆ ದಪ್ಪ ಪುಸ್ತಕವನ್ನು ಅರೆದು ಕುಡಿದವನಿಗೆ ಒಂದು ಪದ ಒಪ್ಪಿಸಲು ಪಾಠವೇ?

ಆ ದಿನ ಬಂತು. ಮಗು ನನ್ನ ತೋಳಿನಲ್ಲಿ ಬೆಚ್ಚಗೆ ಮಲಗಿತ್ತು. ಪುಟ್ಟ ಕೈ ನನ್ನ ಅಂಗಿಯ ಗುಂಡಿ ಹಿಡಿದಿತ್ತು. ಪಾದ್ರಿಗಳು ಏನೋ ಕೇಳತೊಡಗಿದರು. ನಾನು ಮನಸ್ಸಿನಲ್ಲಿ ‘ವಾದದ ಸಲುವಾಗಿ ಒಪ್ಪಿಕೊಂಡರೆ’ ಎಂಬುದನ್ನು ಮಾತಿನ ಮುಂದಿಡಲೋ ಹಿಂದಿಡಲೋ ಎಂದು ತೂಗುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಬೀಗರು ಗಂಟಲು ಸರಿಮಾಡಿಕೊಂಡರು. ಹೊಸ ಕೋಟಿನ ತೋಳಿನಿಂದ ಆ ಎರಡು ಮೊರಗಳು ನನ್ನ ಮಗುವಿನ ಕಡೆ ಹೊರಟವು.

“ನಂಬುತ್ತೇನೆ” ಎಂದೆ. ಸೂರು ಮುಟ್ಟುವ ಹಾಗೆ, ಪೂರ್ವಪಕ್ಷವಿಲ್ಲದೆ, ಉತ್ತರಪಕ್ಷವಿಲ್ಲದೆ ಎಂದೆ.

ಹಿಂದಿನ ಬೆಂಚಿನಲ್ಲಿ ದರ್ಜಿಗೆ ಕೆಮ್ಮು ಬಂತು. ಪಾದ್ರಿಗಳು ಪುಸ್ತಕದಿಂದ ತಲೆಯೆತ್ತಿ ಮೆಲ್ಲಗೆ ಹೇಳಿದರು. “ಯಜಮಾನ್ರೇ, ನಾನು ಕೇಳಿದ್ದು ಸೈತಾನನನ್ನು ತೊರೀತೀರಾ ಅಂತ. ಮೊದಲು ಅವನನ್ನ ಬಿಟ್ಟುಬಿಡೋಣ. ನಂಬೋದು ಆಮೇಲೆ ಬರುತ್ತೆ.”

ಬಿಟ್ಟೆ. ಆಮೇಲೆ ಅವರು ಕೇಳಿದ್ದನ್ನೆಲ್ಲ ಕೇಳಿದ ಕೂಡಲೇ ನಂಬಿದೆ. ಮಗುವನ್ನು ಮಾತ್ರ ಬಿಡಲಿಲ್ಲ.

ಮನೆಗೆ ನಡೆದು ಬರುವಾಗ ಹೆಂಡತಿ ನನ್ನ ಮುಖ ನೋಡಿ ನೋಡಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ನಾನೇ ತಡೆಯಲಾರದೆ, ಅದೇನು ಹೇಳಬೇಕೋ ಹೇಳಿಬಿಡು ಎಂದೆ.

“ಏನಿಲ್ಲ” ಎಂದಳು. “ದೇವರ ವಿಷಯಕ್ಕೆ ಇಷ್ಟು ವರ್ಷ ಸಾಕ್ಷಿ ಕೇಳಿದ್ರಿ. ಆ ಸೈತಾನನ ವಿಷಯಕ್ಕೆ ಒಂದಾದ್ರೂ ಕೇಳಬಾರದಿತ್ತಾ?”