ಮಾವನ ರಕ್ತದ ಚೀಟಿ

ಬಾತ ಕಾಲನ್ನು ಗಿರಾಕಿಗಳಿಗೆ ತೋರಿಸಿ ಹೆಮ್ಮೆಪಡುವ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ? ಸವಣೂರಿನಲ್ಲಿ ಒಬ್ಬನಿದ್ದ, ನನ್ನ ಸೋದರಮಾವ! ಎಂಬತ್ತರ ದಶಕದ ಮೊದಲ ವರ್ಷಗಳು. ಸೇವು, ಚೂಡಾ ಕರಿದು ಮಾರುವ ತನ್ನ ಖಾರದ ಅಂಗಡಿಯ ಕಟ್ಟೆಯ ಮೇಲೆ ಕಾಲು ಚಾಚಿ, ಹೆಬ್ಬೆರಳಿನಿಂದ ಒತ್ತಿ, ಬಿದ್ದ ಕುಣಿಯನ್ನು ತೋರಿಸುತ್ತಿದ್ದ.

"ನೋಡ್ರಿ, ಹತ್ತು ಎಣಸೂತನಾ ಮುಚ್ಚಾಂಗಿಲ್ಲ!"

ಗಿರಾಕಿಗಳು ಎಣಿಸುತ್ತಿದ್ದರು. ಕೆಲವರು ತಾವೂ ಒಮ್ಮೆ ಒತ್ತಿ ನೋಡುತ್ತಿದ್ದರು.

ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಡಾಕ್ಟರು ಉಪ್ಪು ಬಿಡಿಸಿದ್ದರು. ನೀರು ಅಳೆದು ಕುಡಿಯಲು ಹೇಳಿ, ಮೂತ್ರ ಹೋಗುವ ಗುಳಿಗೆ ಕೊಟ್ಟಿದ್ದರು. ಖಾರ ಮಾಡುವವನಿಗೆ ಉಪ್ಪು ಬಿಡಿಸುವುದೆಂದರೆ ಸಾಮಾನ್ಯವೇ? ಪ್ರತಿ ಕಡಾಯಿ ಇಳಿದಾಗಲೂ ಒಂದು ಮುಷ್ಟಿ ಬಾಯಿಗೆ ಹೋಗುತ್ತಿತ್ತು. ಕೇಳಿದರೆ, "ತಿನ್ನಾಕತ್ತಿಲ್ಲೋ, ರುಚಿ ನೋಡಾಕತ್ತೇನಿ!"

ರಕ್ತ ಪರೀಕ್ಷೆಗೆ ಕಂಪೌಂಡರ್ ಸೂಜಿ ಚುಚ್ಚಿದಾಗಲೂ ಅಷ್ಟೇ. ತುಂಬಿದ ಸೀಸೆಯನ್ನೇ ನೋಡುತ್ತಾ ಮಾವ ಕೇಳಿದ, "ವಾಪಸ್ ಯಾವಾಗ ಕೊಡ್ತೀರಿ?"

ಹುಬ್ಬಳ್ಳಿಯಿಂದ ರಕ್ತ ಪರೀಕ್ಷೆಯ ಚೀಟಿ ಬಂದ ದಿನ ಡಾಕ್ಟರು ಊರಲ್ಲಿರಲಿಲ್ಲ. ಅತ್ತೆಯೂ ಮಾವನನ್ನು ನನ್ನ ಕೈಗೆ ಒಪ್ಪಿಸಿ ತವರಿಗೆ, ಹಾನಗಲ್ಲಿಗೆ ಹೋಗಿದ್ದಳು. ರಜೆಗೆ ಬಂದಿದ್ದ ನಾನೋ ಶಿಗ್ಗಾವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ! ಚೀಟಿಯಲ್ಲಿ ಬಿಲಿರುಬಿನ್, ಅಂದರೆ ರಕ್ತದಲ್ಲಿನ ಹಳದಿ ಅಂಶ, ಹೆಚ್ಚಿದೆ ಎಂದಿತ್ತು. ಮಾವನ ಕಣ್ಣು ನೋಡಿದೆ, ತುಸು ಹಳದಿ. ಮಾಸ್ತರನಿಗೆ ಇನ್ನೇನು ಬೇಕು?

"ಮಾವ, ನಿನಗ ಕಾಮಣಿ ಆಗೇತಿ" ಎಂದು ತೀರ್ಪು ಕೊಟ್ಟೆ.

ಕಾಮಾಲೆಗೆ ನಮ್ಮ ಕಡೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಮಾಸೂರಿನ ಒಬ್ಬ ಮುದುಕಿಯಿಂದ ಬೇರಿನ ಔಷಧ ತಂದೆ. ಅದರ ಪಥ್ಯ ಹೀಗಿತ್ತು: ಇಂಗ್ಲಿಷ್ ಗುಳಿಗೆ ಬಂದ್, ಮಜ್ಜಿಗೆ, ಎಳನೀರು, ಕಬ್ಬಿನ ಹಾಲು ಹೊಟ್ಟೆ ತುಂಬ. ಡಾಕ್ಟರ ಒಂದು ಮಾತನ್ನೂ ಕೇಳದ ಮಾವ ಅಂಗಡಿ ಮುಚ್ಚಿ, ಮನೆಯಲ್ಲೇ ಕುಳಿತು, ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ತಂಬಿಗೆ ತುಂಬಿ ಕೊಟ್ಟವನು ನಾನೇ.

"ಮಾಸ್ತರ ಹೇಳಿದ ಮ್ಯಾಲೆ ಮುಗೀತಪಾ!" ಎಂದು ಗಟಗಟ ಕುಡಿಯುತ್ತಿದ್ದ.

ವಾರದಲ್ಲಿ ಊತ ತೊಡೆಗೇರಿತು. ಏದುಸಿರಿಗೆ ಮಾತು ಅರ್ಧಕ್ಕೇ ನಿಲ್ಲತೊಡಗಿತು. ಗಾಬರಿಯಾಗಿ ದವಾಖಾನೆಗೆ ಹೊತ್ತು ಹಾಕಿದೆ. ಸುದ್ದಿ ತಿಳಿದು ಅತ್ತೆಯೂ ಓಡಿ ಬಂದಳು. ಊರಿಗೆ ಮರಳಿದ್ದ ಡಾಕ್ಟರು ಚೀಟಿ ಓದಿದರು.

"ಇದು ಕಾಮಣಿ ಅಲ್ರೀ. ಹೃದಯ ಸೋತು ರಕ್ತ ಹಿಂದ ನಿಂತೈತಿ, ಲಿವರ್ ಬಾತೈತಿ. ಅದಕ್ಕ ಹಳದಿ ಏರೈತಿ. ನೀರು ಇಳಸೂದು ಬಿಟ್ಟು ತುಂಬಿದಾಂವ ಯಾರು?"

ನಾನು ಬಾಯಿ ತೆರೆದೆ. ಮಾವ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದ.

"ಅಂವ ಬ್ಯಾಡ... ಬ್ಯಾಡ ಅಂದಿದ್ದ್ರೀ. ನಾನ... ಕದ್ದು ಕುಡಿದ್ನಿ."

ಅತ್ತೆ ಅಳುತ್ತಲೇ ಗಂಡನನ್ನು ಬೈದಳು. "ಓದಿದ ಅಳಿಯ ಹೇಳಿದ್ದ ಕೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?"

ಮಾವ ಕಣ್ಣು ಮುಚ್ಚಿ ಬೈಗುಳವನ್ನೆಲ್ಲ ಕೇಳಿಸಿಕೊಂಡ. ನಿಜ ಹೇಳಲು ನನಗೆ ಬೇಕಾದಷ್ಟು ಹೊತ್ತಿತ್ತು; ಹೇಡಿ ನಾನು, ಸುಮ್ಮನಿದ್ದೆ. ಮರುದಿನ ಅವನು ಹೋದ.

ಇವತ್ತಿಗೂ ಸವಣೂರಿಗೆ ಹೋದರೆ ಅತ್ತೆ ಮೊದಲು ನನ್ನ ತಾಟಿಗೇ ಬಡಿಸುತ್ತಾಳೆ. "ಅವರ ಜೀವಕ್ಕ ಬಡದಾಡಿದಾಂವ ನೀನೊಬ್ಬನ ನೋಡಪಾ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.